ಥಾಯ್ಲೆಂಡ್‌ಗೆ ಹೊರಡುವ ಮುನ್ನ ಈ ಚಿತ್ರಗಳನ್ನು ನೋಡಿ

"ಬ್ಯಾಂಕಾಕ್‌ಗೆ ಹೊರಟಿದ್ದೀವಿ" ಎಂದು ಯಾರ ಹತ್ತಿರವಾದರೂ ಹೇಳಿ ನೋಡಿ. ಗಂಡಸರಾದರೆ ಒಬ್ಬರ ಮುಖ ಒಬ್ಬರು ನೋಡಿ ಮುಸಿಮುಸಿ ನಗುತ್ತಾರೆ. ಹೆಂಗಸರು "ಹೌದಾ, ಒಳ್ಳೇದು" ಎಂದು ಬೇರೆ ಮಾತಿಗೆ ಹೋಗಿಬಿಡುತ್ತಾರೆ. ಕಳೆದ ವರ್ಷ ನಾನು, ನಮ್ಮ ಯಜಮಾನರು, ನಾದಿನಿ ಮೂವರೂ ಹತ್ತು ದಿನದ ಮಟ್ಟಿಗೆ ಥಾಯ್ಲೆಂಡ್‌ಗೆ ಹೊರಟಾಗ ನಮ್ಮ ಬೀದಿಯಲ್ಲೂ ಹೀಗೇ ಆಯಿತು. "ಅಲ್ಲಿ ಹೆಂಗಸರು ನೋಡೋಕೆ ಏನಿದೆ ರೀ?" ಎಂದು ಎದುರು ಮನೆಯಾಕೆ ನೇರವಾಗಿಯೇ ಕೇಳಿದರು.

ಆರೂವರೆ ಕೋಟಿ ಜನರಿರುವ ದೇಶ ಅದು. ಅಲ್ಲೂ ತಾಯಂದಿರು ಬೆಳಗಿನ ಜಾವ ಎದ್ದು ಒಲೆ ಹಚ್ಚುತ್ತಾರೆ, ಮಕ್ಕಳ ಶಾಲೆಯ ಫೀಜಿಗೆ ಒದ್ದಾಡುತ್ತಾರೆ, ಕಾಯಿಲೆ ಬಿದ್ದ ಹಿರಿಯರನ್ನು ನೋಡಿಕೊಳ್ಳುತ್ತಾರೆ. ಅವರನ್ನೆಲ್ಲ ಒಂದು ಮುಸಿನಗೆಯಲ್ಲಿ ಮುಗಿಸಿಬಿಡುವುದು ಯಾವ ನ್ಯಾಯ ಹೇಳಿ? ಹೊರಡುವ ಮುಂಚೆ ಒಂದು ತಿಂಗಳು ನನ್ನ ಮಗಳು ಹುಡುಕಿ ಹುಡುಕಿ ಥಾಯ್ ಚಿತ್ರಗಳನ್ನು ಹಾಕಿ ತೋರಿಸಿದಳು. ಅವನ್ನು ನೋಡಿ ಹೋಗಿದ್ದರಿಂದ ಆ ಊರುಗಳು ನನಗೆ ಕಂಡ ಬಗೆಯೇ ಬೇರೆ. ಆದ್ದರಿಂದ ಸೋದರಿಯರೇ, ನೀವು ಅಲ್ಲಿಗೆ ಹೋಗುವವರಾಗಲಿ, ಮನೆಯಲ್ಲೇ ಕೂತು ನೋಡುವವರಾಗಲಿ, ಈ ಚಿತ್ರಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮೊದಲು ಹೊರಗಿನವರು ತೆಗೆದ ಚಿತ್ರಗಳ ಮಾತು ಮುಗಿಸಿಬಿಡೋಣ. ನಮಗೆಲ್ಲ ಕೇಳಿ ಗೊತ್ತಿರುವುದು ಅವೇ ತಾನೆ? 1957ರ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಏಳು ಆಸ್ಕರ್ ಗೆದ್ದ ಚಿತ್ರ. ಅದನ್ನು ಚಿತ್ರೀಕರಿಸಿದ್ದು ಥಾಯ್ಲೆಂಡ್‌ನಲ್ಲಲ್ಲ, ಸಿಂಹಳದ ಕಿತುಲ್‌ಗಲದಲ್ಲಿ! ಚಿತ್ರ ನೋಡಿದ ಪ್ರವಾಸಿಗಳು ಕಾಂಚನಬುರಿಗೆ ಬಂದು "ಕ್ವಾಯ್ ನದಿ ಎಲ್ಲಿ?" ಎಂದು ಕೇಳತೊಡಗಿದರು. ಸೇತುವೆ ಇದ್ದದ್ದು ಮೇ ಕ್ಲೋಂಗ್ ಎಂಬ ನದಿಯ ಮೇಲೆ. ಕೊನೆಗೆ 1960ರ ಸುಮಾರಿಗೆ ಆ ನದಿಯ ಆ ಭಾಗಕ್ಕೇ 'ಖ್ವೇ ಯಾಯ್' ಎಂದು ನಾಮಕರಣವಾಯಿತು. ಸಿನಿಮಾ ಬಂದು ನದಿಯ ಹೆಸರನ್ನೇ ಬದಲಿಸಿದ್ದು ಇನ್ನೆಲ್ಲಾದರೂ ಉಂಟೇ? ಆ ರೈಲು ದಾರಿ ಹಾಕುವಾಗ ಸತ್ತವರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಬಿಳಿಯ ಯುದ್ಧಕೈದಿಗಳಿದ್ದರು. ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಏಷ್ಯಾದ ಕೂಲಿಗಳು ಸತ್ತರು. ಮಲಯದ ತೋಟಗಳಿಂದ ಎಳೆದು ತಂದ ತಮಿಳರೇ ಅವರಲ್ಲಿ ಬಹಳ ಮಂದಿ. ಚಿತ್ರದಲ್ಲಿ ಅವರ ಸುದ್ದಿ ಇಲ್ಲ.

ಇನ್ನು 'ದಿ ಕಿಂಗ್ ಅಂಡ್ ಐ', 1956ರದು. ಸಯಾಮಿನ ರಾಜ ಮೋಂಗ್‌ಕುಟ್‌ನ ಮಕ್ಕಳಿಗೆ, ರಾಣಿಯರಿಗೆ ಪಾಠ ಹೇಳಲು 1862ರಲ್ಲಿ ಹೋದ ಆನಾ ಲಿಯನೋವೆನ್ಸ್ ಎಂಬಾಕೆಯ ಕಥೆ. ಹಾಡು ಕುಣಿತ ಕಣ್ಣಿಗೆ ಹಬ್ಬವೇ ಸರಿ. ಆದರೆ ಪೂಜ್ಯನಾದ ರಾಜನನ್ನು ಹಾಸ್ಯದ ಗೊಂಬೆ ಮಾಡಿದ್ದಾರೆಂದು ಥಾಯ್ಲೆಂಡ್‌ನಲ್ಲಿ ಅದಕ್ಕೆ ನಿಷೇಧ ಬಿತ್ತು. ಅದೇ ಕಥೆಯ 1999ರ ಚಿತ್ರಕ್ಕೂ ಅದೇ ಗತಿ. ತಾನು ವೇಲ್ಸಿನಲ್ಲಿ ಹುಟ್ಟಿದವಳೆಂದು ಹೇಳಿಕೊಂಡಿದ್ದ ಆ ಆನಾ ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, 1831ರಲ್ಲಿ. ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ.

ಥಾಯ್ ಜನ ತಮಗಾಗಿ ತಾವೇ ತೆಗೆದುಕೊಂಡ ಚಿತ್ರಗಳಿಗೆ ಬನ್ನಿ. ಒಂದೇ ಒಂದು ಚಿತ್ರ ನೋಡಲು ಪುರುಸೊತ್ತಿದೆ ಎನ್ನುವವರಿಗೆ ನಾನು ಹೇಳುವುದು 2024ರ 'ಲಾನ್ ಮಾ'. ಅಜ್ಜಿಯ ಮೊಮ್ಮಗ ಎಂದು ಅರ್ಥ. ಇಂಗ್ಲಿಷಿನಲ್ಲಿ 'ಹೌ ಟು ಮೇಕ್ ಮಿಲಿಯನ್ಸ್ ಬಿಫೋರ್ ಗ್ರ್ಯಾಂಡ್‌ಮಾ ಡೈಸ್' ಎಂಬ ಮಾರುದ್ದದ ಹೆಸರು. ಪಟ್ ಬೂನ್ನಿತಿಪಟ್ ಇದರ ನಿರ್ದೇಶಕರು. ಆಸ್ಕರ್‌ನ ವಿದೇಶಿ ಚಿತ್ರಗಳ ಕಿರುಪಟ್ಟಿ ಸೇರಿದ ಮೊದಲ ಥಾಯ್ ಚಿತ್ರ ಇದು.

ಕಥೆ ನಡೆಯುವುದು ಬ್ಯಾಂಕಾಕಿನ ನದಿಯಾಚೆಯ ತಲಾತ್ ಫ್ಲೂ ಎಂಬ ಹಳೆಯ ಪೇಟೆಯಲ್ಲಿ. ಹೆಸರಿನ ಅರ್ಥ ಗೊತ್ತೇ? ವೀಳ್ಯದೆಲೆ ಪೇಟೆ! ಅಲ್ಲೊಬ್ಬಳು ಚೀನೀ ಮೂಲದ ಅಜ್ಜಿ. ದಿನಾ ಕತ್ತಲಿರುವಾಗಲೇ ಎದ್ದು ಅಕ್ಕಿ ಗಂಜಿ ಬೇಯಿಸಿ ರಸ್ತೆ ಬದಿಯಲ್ಲಿ ಮಾರುತ್ತಾಳೆ. ಅವಳಿಗೆ ಕ್ಯಾನ್ಸರ್ ಎಂದು ತಿಳಿಯುತ್ತದೆ. ಓದು ಬಿಟ್ಟು ಮನೆಯಲ್ಲಿ ಆಟ ಆಡುತ್ತಾ ಕೂತಿದ್ದ ಮೊಮ್ಮಗ, ಸೇವೆ ಮಾಡಿದರೆ ಮನೆ ತನ್ನ ಹೆಸರಿಗೆ ಬಂದೀತು ಎಂಬ ಆಸೆಯಿಂದ ಬಂದು ಸೇರಿಕೊಳ್ಳುತ್ತಾನೆ. ಅಜ್ಜಿಗೆ ಮೂವರು ಮಕ್ಕಳು. ದೊಡ್ಡ ಮಗ ಅನುಕೂಲಸ್ಥ. ಚಿಕ್ಕವನು ಸಾಲಗಾರ. ನಡುವಿನವಳು ಮಗಳು, ಅಂಗಡಿಯಲ್ಲಿ ದುಡಿಯುವವಳು. ಆಸ್ಪತ್ರೆಗೆ ಓಡಾಡುವವಳು ಅವಳೇ. ಮನೆ ಯಾರಿಗೆ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ನೀವು ಊಹಿಸಬಲ್ಲಿರಿ.

ಇದರಲ್ಲಿ ಒಂದು ದೃಶ್ಯವಿದೆ. ತನ್ನ ಗೋರಿಗೆ ಜಾಗ ಕೊಳ್ಳಲು ಹಣ ಕೇಳಲೆಂದು ಅಜ್ಜಿ ತನ್ನ ಶ್ರೀಮಂತ ಅಣ್ಣನ ಮನೆಗೆ ಹೋಗುತ್ತಾಳೆ. ತಂದೆತಾಯಿಯನ್ನು ಕೊನೆಗಾಲದಲ್ಲಿ ನೋಡಿಕೊಂಡವಳು ಇವಳು, ಆಸ್ತಿಯೆಲ್ಲ ಹೋದದ್ದು ಅವನಿಗೆ. ಕೊಟ್ಟ ಹೆಣ್ಣು, ನೀನು ಈ ಮನೆಯವಳಲ್ಲ ಎಂಬ ಧೋರಣೆಯಲ್ಲಿ ಅವನು ಅವಳನ್ನು ಬರಿಗೈಲಿ ಕಳಿಸುತ್ತಾನೆ. ಅಜ್ಜಿಯ ಪಾತ್ರ ಮಾಡಿದ ಉಷಾ ಸೀಮ್‌ಖುಮ್ ಅವರಿಗೆ ಅದು ಮೊದಲ ಚಿತ್ರ, ವಯಸ್ಸು ಎಂಬತ್ತರ ಹತ್ತಿರ. ಆ ದೃಶ್ಯದಲ್ಲಿ ಆಕೆಯ ಮುಖ ನೋಡಬೇಕು.

ನಾನು ಈ ಚಿತ್ರವನ್ನು ನನ್ನ ಅಕ್ಕನ ಜೊತೆ ಕೂತು ನೋಡಿದೆ. ನಮ್ಮ ತಾಯಿಯ ಕೊನೆಯ ಎರಡು ವರ್ಷ ಅಕ್ಕನ ಮನೆಯಲ್ಲೇ ಕಳೆಯಿತು. ಸ್ನಾನ, ಔಷಧಿ, ರಾತ್ರಿ ಎಚ್ಚರ ಎಲ್ಲ ಅವಳದೇ. ಹಳ್ಳಿಯ ಮನೆ ಮಾತ್ರ ಅಣ್ಣನ ಹೆಸರಿಗಾಯಿತು. ಅಕ್ಕ ರುಜು ಹಾಕಿ ಕೊಟ್ಟಳು, ಒಂದು ಮಾತೂ ಆಡಲಿಲ್ಲ. ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕೆಂದು ನಮ್ಮಲ್ಲಿ ಕಾನೂನು ಬಂದು ಎಷ್ಟು ವರ್ಷವಾಯಿತು! ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, 2005ರಲ್ಲಿ ಇಡೀ ದೇಶಕ್ಕೇ ಆಯಿತು. ಕಾನೂನು ಕಾಗದದಲ್ಲಿದೆ, ರುಜು ಹಾಕುವ ಕೈ ನಮ್ಮದು. ಆ ದೃಶ್ಯ ಬಂದಾಗ ಅಕ್ಕ, "ನಿಲ್ಲಿಸೇ ಸ್ವಲ್ಪ, ನೀರು ಕುಡಿದು ಬರ್ತೀನಿ" ಎಂದು ಅಡಿಗೆಮನೆಗೆ ಹೋದವಳು ಹತ್ತು ನಿಮಿಷ ಬರಲಿಲ್ಲ. ಆಮೇಲೆ ಬಂದು ಪೂರ್ತಿ ನೋಡಿದಳು.

ಹೋದಾಗ ನಾವು ತಲಾತ್ ಫ್ಲೂಗೂ ಹೋದೆವು. ನಗರದ ಮೇಲುಸೇತುವೆಯ ರೈಲು ಅಲ್ಲಿಗೆ ಹೋಗುತ್ತದೆ. ಇನ್ನೊಂದು ಹಳೆಯ ರೈಲು ಪೇಟೆಯ ನಡುವೆಯೇ ಹಾದುಹೋಗುತ್ತದೆ, ಹಳಿಯ ಪಕ್ಕದಲ್ಲೇ ತಿಂಡಿ ಅಂಗಡಿಗಳು. ಅಲ್ಲಿ ಹೆಸರಾದದ್ದು ಕುಯಿಚಾಯ್ ಎಂಬ ತಿಂಡಿ. ಅಕ್ಕಿಹಿಟ್ಟಿನ ಕಣಕದಲ್ಲಿ ಬೆಳ್ಳುಳ್ಳಿ ವಾಸನೆಯ ಸೊಪ್ಪು ತುಂಬಿ ಹಬೆಯಲ್ಲಿ ಬೇಯಿಸಿರುತ್ತಾರೆ, ನಮ್ಮ ಕಡುಬಿನ ಹಾಗೆ. ಸಸ್ಯಾಹಾರಿಗಳು ವಿಚಾರಿಸಿಯೇ ತಿನ್ನಬೇಕು. ಮೀನಿನ ರಸ ಅಲ್ಲಿ ನಮ್ಮ ಉಪ್ಪಿನಂತೆ, ಎಲ್ಲದರಲ್ಲೂ ಬೀಳುತ್ತದೆ. 'ಜೇ' ಎಂದರೆ ಶುದ್ಧ ಸಸ್ಯಾಹಾರ ಎಂದು ಅರ್ಥವಾಗುತ್ತದೆ. ಈ ಒಂದಕ್ಷರ ಕಲಿತುಹೋಗಿ.

ದೆವ್ವದ ಕಥೆ ಇಷ್ಟಪಡುವವರಿಗೆ 'ನಾಂಗ್ ನಾಕ್'. 1999ರಲ್ಲಿ ನೋನ್ಸೀ ನಿಮಿಬುತ್ರ್ ತೆಗೆದದ್ದು. ಗಂಡ ಮಾಕ್ ಯುದ್ಧಕ್ಕೆ ಹೋಗಿರುತ್ತಾನೆ. ಬಸುರಿ ಹೆಂಡತಿ ನಾಕ್ ಹೆರಿಗೆಯಲ್ಲಿ ಮಗುವಿನೊಂದಿಗೆ ತೀರಿಹೋಗುತ್ತಾಳೆ. ಗಂಡ ಮರಳಿದಾಗ ಹೆಂಡತಿ ಮಗು ಎತ್ತಿಕೊಂಡು ಕಾಯುತ್ತಾ ನಿಂತಿದ್ದಾಳೆ! ಊರಿಗೆಲ್ಲ ಗೊತ್ತು, ಅವನಿಗೆ ಮಾತ್ರ ಗೊತ್ತಿಲ್ಲ. ಒಂದು ದಿನ ಅಡಿಗೆ ಮಾಡುವಾಗ ಅಟ್ಟಣೆ ಮನೆಯ ಸಂದಿನಿಂದ ನಿಂಬೆಹಣ್ಣು ಕೆಳಗೆ ಬೀಳುತ್ತದೆ. ಅವಳು ಕೂತಲ್ಲಿಂದಲೇ ಕೈ ಉದ್ದ ಮಾಡಿ ಎತ್ತಿಕೊಳ್ಳುತ್ತಾಳೆ. ಥಾಯ್ಲೆಂಡ್‌ನ ಪ್ರತಿ ಮಗುವಿಗೂ ಗೊತ್ತಿರುವ ಕಥೆ ಇದು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಮಲಗಿದ ನಾಡಿನವರು ನಾವು, ನಮಗೇನೂ ಹೊಸದಲ್ಲ ಬಿಡಿ. ಆದರೆ ಇಲ್ಲಿ ದೆವ್ವವನ್ನು ಕಂಡರೆ ಭಯಕ್ಕಿಂತ ಮರುಕವೇ ಹೆಚ್ಚು. ಅವಳು ಬೇಡುವುದು ಗಂಡನಿಗೆ ಅಡಿಗೆ ಮಾಡಿ ಹಾಕಿಕೊಂಡು ಇರುವುದನ್ನು ಮಾತ್ರ. ಇದೇ ಕಥೆಯನ್ನು ತಮಾಷೆಯಾಗಿ ಹೇಳಿದ 'ಪೀ ಮಾಕ್' 2013ರಲ್ಲಿ ಬಂದು ಅದುವರೆಗಿನ ಥಾಯ್ ಚಿತ್ರಗಳ ಗಳಿಕೆಯನ್ನೆಲ್ಲ ಮೀರಿಸಿತು. ಮಕ್ಕಳಿದ್ದರೆ ಅದನ್ನೇ ಹಾಕಿ.

ನಾಕ್‌ಳ ಗುಡಿ ಬ್ಯಾಂಕಾಕಿನ ವಾಟ್ ಮಹಾಬುತ್ ಎಂಬ ದೇವಾಲಯದ ಆವರಣದಲ್ಲಿದೆ. ಹೆಂಗಸರು ಅವಳಿಗೆ ರೇಷ್ಮೆ ಉಡುಪು, ಪೌಡರು, ತುಟಿಯ ಬಣ್ಣ, ಮಗುವಿಗೆ ಆಟದ ಸಾಮಾನು ತಂದೊಪ್ಪಿಸುತ್ತಾರೆ. ಅವಳಿಗೆ ಹೊತ್ತು ಹೋಗಲೆಂದು ಎದುರಿಗೆ ಟೀವಿ ಬೇರೆ! ಅಲ್ಲಿ ಗಂಡುಹುಡುಗರು ಚೀಟಿ ಎತ್ತಿ ಸೈನ್ಯಕ್ಕೆ ಸೇರಬೇಕಾದ ಪದ್ಧತಿ ಉಂಟು. ಕೆಂಪು ಚೀಟಿ ಬಂದರೆ ಹೋಗಲೇಬೇಕು. ಅದು ಬಾರದಿರಲಿ ಎಂದು ಇವಳಿಗೇ ಹರಕೆ ಹೊರುತ್ತಾರೆ. ಗಂಡನನ್ನು ಯುದ್ಧಕ್ಕೆ ಕಳಿಸಿ ಕೆಟ್ಟವಳಲ್ಲವೇ, ಅವಳಿಗೆ ಆ ಸಂಕಟ ಗೊತ್ತು. ನಾವು ಹೋದಾಗ ಒಬ್ಬ ತಾಯಿ ಬಹಳ ಹೊತ್ತು ಕೈಮುಗಿದು ಕೂತಿದ್ದರು. ಭಾಷೆ ಬಾರದು, ಏನು ಕೇಳಲಿ? ಪಕ್ಕದಲ್ಲಿ ನಾನೂ ಸ್ವಲ್ಪ ಹೊತ್ತು ಕೂತು ಎದ್ದು ಬಂದೆ.

ಸಂಗೀತ ಪ್ರಿಯರು 2004ರ 'ಹೋಮ್ ರೋಂಗ್' ನೋಡಲೇಬೇಕು. ಇಂಗ್ಲಿಷಿನಲ್ಲಿ 'ದಿ ಓವರ್‌ಚರ್'. ರಾನಾತ್ ಎಂಬ ವಾದ್ಯದ ಮಹಾವಿದ್ವಾಂಸ ಲುವಾಂಗ್ ಪ್ರದಿತ್ ಪೈರೋ ಅವರ ಜೀವನದಿಂದ ಎತ್ತಿಕೊಂಡ ಕಥೆ. ಅವರು ಹುಟ್ಟಿದ್ದು 1881ರಲ್ಲಿ, ತೀರಿಕೊಂಡದ್ದು 1954ರಲ್ಲಿ. ರಾನಾತ್ ಎಂದರೆ ದೋಣಿಯಾಕಾರದ ಪೆಟ್ಟಿಗೆಯ ಮೇಲೆ ಮರದ ಪಟ್ಟಿಗಳನ್ನು ತೂಗಿಬಿಟ್ಟ ವಾದ್ಯ, ನಮ್ಮ ಕಾಷ್ಠತರಂಗದ ಹತ್ತಿರದ ಬಂಧು ಎನ್ನಿ. ಯೌವನದಲ್ಲಿ ಎದುರಾಳಿಯೊಡನೆ ಸ್ಪರ್ಧೆ. ಮುಪ್ಪಿನಲ್ಲಿ ಸರ್ಕಾರದೊಡನೆಯೇ ಸೆಣಸಾಟ. ಪಿಬೂನ್ ಎಂಬ ಸೇನಾಧಿಪತಿ ಪ್ರಧಾನಿಯಾಗಿದ್ದಾಗ ದೇಶವನ್ನು 'ಆಧುನಿಕ' ಮಾಡಲು ಹೊರಟು ಹಳೆಯ ಸಂಗೀತಕ್ಕೆ ಕಡಿವಾಣ ಹಾಕಿದ, ಹೆಂಗಸರು ಟೋಪಿ ಹಾಕಬೇಕೆಂದ, ಎಲೆಯಡಿಕೆ ಜಗಿಯುವುದನ್ನೂ ನಿಷೇಧಿಸಿದ. ವೀಳ್ಯದೆಲೆ ಪೇಟೆಯಲ್ಲಿ ಈಗ ವೀಳ್ಯದೆಲೆ ಇಲ್ಲದಿರುವುದು ಸುಮ್ಮನೆ ಅಲ್ಲ. ಇದನ್ನು ಹೇಳಿದಾಗ ನಮ್ಮ ಅತ್ತೆಯವರು ತಮ್ಮ ಎಲೆಚೀಲವನ್ನು ಮಡಿಲಿಗೆ ಎಳೆದುಕೊಂಡರು! ಚಿತ್ರದಲ್ಲಿ ಮಗ ಮನೆಗೆ ಪಿಯಾನೋ ತರುತ್ತಾನೆ. ಮುದುಕರು ಬೈಯುತ್ತಾರೆಂದು ಎಲ್ಲ ಹೆದರಿದ್ದರೆ ಅವರು ರಾನಾತ್ ಎಳೆದುಕೊಂಡು ಪಿಯಾನೋಗೆ ಜೊತೆಗೂಡುತ್ತಾರೆ. ಆ ಐದು ನಿಮಿಷಕ್ಕಾಗಿಯೇ ಇನ್ನೊಮ್ಮೆ ನೋಡಬಹುದು. ಅವರ ಊರು ಅಂಫಾವಾ ಬ್ಯಾಂಕಾಕಿನಿಂದ ಅರ್ಧ ದಿನದಲ್ಲಿ ಹೋಗಿ ನೋಡುವಷ್ಟು ಹತ್ತಿರ. ವಾರದ ಕೊನೆಯಲ್ಲಿ ಕಾಲುವೆಯ ಮೇಲೆ ದೋಣಿ ಸಂತೆ, ಕತ್ತಲಾದ ಮೇಲೆ ಮರಗಳಲ್ಲಿ ಮಿಣುಕುಹುಳು.

ನಮ್ಮ ಟೂರಿಂಗ್ ಟಾಕೀಸ್ ನೆನಪಿರುವವರು 2023ರ 'ಒನ್ಸ್ ಅಪಾನ್ ಎ ಸ್ಟಾರ್' ನೋಡಿ. ಔಷಧಿ ಮಾರುತ್ತಾ ಹಳ್ಳಿ ಹಳ್ಳಿಗೆ ಹೋಗಿ ಸಿನಿಮಾ ತೋರಿಸುವ ತಂಡದ ಕಥೆ, ಕಾಲ 1970. ಆಗಿನ ಚಿತ್ರಗಳಿಗೆ ಮಾತೇ ಇರುತ್ತಿರಲಿಲ್ಲವಂತೆ, ತೆರೆಯ ಪಕ್ಕದಲ್ಲಿ ಕೂತವರೇ ಎಲ್ಲ ಪಾತ್ರಗಳ ಮಾತೂ ಹೇಳಬೇಕು. ನಾಯಕಿಯ ಮಾತನ್ನೂ ಗಂಡಸೇ ಕೀಚಲು ದನಿಯಲ್ಲಿ ಹೇಳುತ್ತಿದ್ದಾಗ ಒಬ್ಬ ಹೆಣ್ಣುಮಗಳು ಬಂದು ಸೇರುತ್ತಾಳೆ. ಮುಂದೇನಾಯಿತು, ನೋಡಿ ತಿಳಿಯಿರಿ.

'ಅಂಕಲ್ ಬೂನ್ಮೀ' ಎಂಬ ಚಿತ್ರದ ಬಗ್ಗೆ ಒಂದು ಎಚ್ಚರಿಕೆ. ಅಪಿಚಾತ್‌ಪೋಂಗ್ ವೀರಸೇತಕುಲ್ ಅವರ ಈ ಚಿತ್ರ 2010ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು. ಪಂಡಿತರು ತಲೆದೂಗುತ್ತಾರೆ, ನಮ್ಮ ಯಜಮಾನರು ಇಪ್ಪತ್ತೇ ನಿಮಿಷದಲ್ಲಿ ಗೊರಕೆ ಹೊಡೆದರು. ಈಶಾನ್ಯದ ಇಸಾನ್ ಪ್ರಾಂತದ ಒಂದು ತೋಟದ ಮನೆ. ಮೂತ್ರಪಿಂಡ ಕೆಟ್ಟ ಯಜಮಾನ ಹುಣಿಸೆ ತೋಪು, ಜೇನು ನೋಡಿಕೊಳ್ಳುತ್ತಾ ಸಾವು ಕಾಯುತ್ತಿದ್ದಾನೆ. ರಾತ್ರಿ ಊಟಕ್ಕೆ ಕೂತಿರುವಾಗ ಎಂದೋ ಸತ್ತ ಹೆಂಡತಿ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕಾಣಿಸಿಕೊಳ್ಳುತ್ತಾಳೆ. ಯಾರೂ ಕಿರುಚುವುದಿಲ್ಲ. ಅವಳ ಅಂತ್ಯಕ್ರಿಯೆಯ ಫೋಟೋಗಳನ್ನು ಅವಳಿಗೇ ತೋರಿಸುತ್ತಾರೆ! ಪಿತೃಪಕ್ಷದಲ್ಲಿ ಎಲೆ ಹಾಕಿ, ಎಡೆ ಇಟ್ಟು, ಹಿರಿಯರು ಬರಲೆಂದು ಕಾಯುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಕೆಲಸವೆಲ್ಲ ಮುಗಿಸಿ, ಮನೆ ನಿಶ್ಶಬ್ದವಾದ ಮೇಲೆ ಒಬ್ಬರೇ ಕೂತು ನೋಡಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ತಾಯಂದಿರಿಗೆ 'ಬ್ಯಾಡ್ ಜೀನಿಯಸ್' (2017). ಬಡ ಮೇಷ್ಟರ ಬುದ್ಧಿವಂತ ಮಗಳು ಶ್ರೀಮಂತರ ಮಕ್ಕಳಿಗೆ ಹಣಕ್ಕಾಗಿ ಪರೀಕ್ಷೆಯಲ್ಲಿ ಉತ್ತರ ತೋರಿಸುತ್ತಾಳೆ. ಶಾಲೆ ತನ್ನ ತಂದೆಯ ಹತ್ತಿರವೂ ಒಳಗಿಂದೊಳಗೆ ಹಣ ಕಿತ್ತಿದೆ ಎಂದು ಅವಳಿಗೆ ತಿಳಿದಿರುತ್ತದೆ. ನಮ್ಮಲ್ಲಿ ಡೊನೇಷನ್, ಅಲ್ಲಿ 'ಚಹಾದ ಕಾಸು'. ಮಕ್ಕಳ ಜೊತೆಗೇ ನೋಡಿ, ಆಮೇಲೆ ಮಾತಾಡಲು ಬೇಕಾದಷ್ಟಿದೆ. ಹೊಡೆದಾಟ ಬೇಕೆನ್ನುವ ಹುಡುಗರಿಗೆ ಟೋನಿ ಜಾ ನಟಿಸಿದ 'ಓಂಗ್ ಬಾಕ್' (2003). ಹಳ್ಳಿಯ ಬುದ್ಧನ ತಲೆ ಕದ್ದವರನ್ನು ಹುಡುಕಿಕೊಂಡು ಹೋಗುವ ಕಥೆ, ಅವನು ಹಾರುವುದಕ್ಕೆ ಹಗ್ಗ ತಂತಿ ಯಾವುದೂ ಇಲ್ಲ. 'ಹಂಗರ್' (2023) ರಸ್ತೆ ಬದಿಯ ನೂಡಲ್ಸ್ ಅಂಗಡಿಯ ಹುಡುಗಿ ದೊಡ್ಡ ಬಾಣಸಿಗನ ಕೈಕೆಳಗೆ ಸೇರಿದ ಕಥೆ. ಅಡಿಗೆ ಚಿತ್ರ ಎಂದು ತಟ್ಟೆ ಹಿಡಿದು ಕೂರಬೇಡಿ, ಮಾಂಸ ರಕ್ತ ಎಲ್ಲ ಧಾರಾಳ.

ಇನ್ನು ಸಮುದ್ರ. ಹೊರಗಿನವರಿಗೆ ಥಾಯ್ಲೆಂಡ್ ಎಂದರೆ ಇದೇ ತಾನೆ! 1974ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಫಾಂಗ್ ಙಾ ಕೊಲ್ಲಿಯ ಒಂದು ಬಂಡೆ ಕಾಣಿಸಿಕೊಂಡಿತು. ಅಂದಿನಿಂದ ಆ ಜಾಗದ ಹೆಸರೇ ಜೇಮ್ಸ್ ಬಾಂಡ್ ದ್ವೀಪ. 2000ದ 'ದಿ ಬೀಚ್' ಇನ್ನೂ ದುಬಾರಿಯಾಯಿತು. ಫಿ ಫಿ ಲೇ ದ್ವೀಪದ ಮಾಯಾ ಬೇ ಎಂಬ ಪುಟ್ಟ ತೀರವನ್ನು 'ಸ್ವರ್ಗದಂತೆ' ಕಾಣಿಸಲು ಮರಳುದಿಬ್ಬ ಸಮ ಮಾಡಿ, ತೆಂಗಿನ ಮರ ತಂದು ನೆಟ್ಟರು. ಇದ್ದ ಸ್ವರ್ಗ ಸಾಲದಾಯಿತು! ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಚಿತ್ರ ನೋಡಿದವರು ದಿನಕ್ಕೆ ಸಾವಿರಾರು ಮಂದಿ ದೋಣಿಯಲ್ಲಿ ಬಂದಿಳಿದು ಹವಳದ ಬಹುಪಾಲು ಸತ್ತಿತು. 2018ರಲ್ಲಿ ಅದನ್ನು ಮುಚ್ಚಿ 2022ರಲ್ಲಿ ಮತ್ತೆ ತೆರೆದರು. ಈಗ ದೋಣಿಗಳು ದ್ವೀಪದ ಹಿಂಬದಿಯಲ್ಲಿ ನಿಲ್ಲಬೇಕು, ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರಿನಲ್ಲಿ ಪೂರ್ತಿ ಬಂದ್. ಹೋಗುವವರು ತಿಂಗಳು ನೋಡಿಕೊಳ್ಳಿ.

2004ರ ಸುನಾಮಿಯ ಬಗ್ಗೆ 'ದಿ ಇಂಪಾಸಿಬಲ್' (2012) ಪ್ರಸಿದ್ಧ. ಖಾವೋ ಲಾಕ್ ತೀರದಲ್ಲಿ ಸಿಕ್ಕಿಬಿದ್ದ ಒಂದು ಸ್ಪೇನ್ ಕುಟುಂಬದ ನಿಜಕಥೆ. ನೀರು ನುಗ್ಗುವ ದೃಶ್ಯಕ್ಕೆ ಎದೆ ಝಲ್ಲೆನ್ನುತ್ತದೆ. ಕೊನೆಗೆ ಅವರು ವಿಮಾನ ಹತ್ತಿ ಹೋಗುತ್ತಾರೆ. ಹೋಗಲು ವಿಮಾನವಿಲ್ಲದವರು? ಅವರಿಗಾಗಿ ಆದಿತ್ಯ ಅಸ್ಸರತ್ ಎಂಬ ಥಾಯ್ ನಿರ್ದೇಶಕ 2007ರಲ್ಲಿ 'ವಂಡರ್‌ಫುಲ್ ಟೌನ್' ತೆಗೆದರು. ಅದೇ ಕರಾವಳಿಯ ತಕುವಾ ಪಾ ಎಂಬ ಊರು. ಅಲೆ ಬಂದು ಹೋಗಿ ವರ್ಷಗಳಾಗಿವೆ. ಸಣ್ಣ ವಸತಿಗೃಹ ನಡೆಸುವ ಹೆಣ್ಣು ದಿನಾ ಹಾಸಿಗೆ ಬಟ್ಟೆ ಒಗೆದು ಒಣಹಾಕುತ್ತಾಳೆ. ಪಟ್ಟಣದಿಂದ ಒಬ್ಬ ಬರುತ್ತಾನೆ. ಹೆಚ್ಚು ಮಾತಿಲ್ಲ. ಊರಿಗೆ ಊರೇ ಒಳಗೊಳಗೆ ಕೆಟ್ಟಿರುವುದು ನಿಧಾನವಾಗಿ ತಿಳಿಯುತ್ತದೆ. ಕೊನೆ ಮನಸ್ಸಿಗೆ ಭಾರ, ಮೊದಲೇ ಹೇಳಿರುತ್ತೇನೆ.

ಹೊರಗಿನವರೂ ಚೆನ್ನಾಗಿ ತೆಗೆಯಬಲ್ಲರು ಎನ್ನುವುದಕ್ಕೆ 2022ರ 'ಥರ್ಟೀನ್ ಲೈವ್ಸ್' ಇದೆ. ಉತ್ತರದ ಚಿಯಾಂಗ್ ರಾಯ್‌ನಲ್ಲಿ 2018ರ ಜೂನ್ 23ರಂದು ಫುಟ್‌ಬಾಲ್ ಆಡುವ ಹನ್ನೆರಡು ಹುಡುಗರೂ ಅವರ ತರಬೇತುದಾರನೂ ಗುಹೆಯಲ್ಲಿ ಸಿಕ್ಕಿಕೊಂಡದ್ದು, ಜುಲೈ 10ರ ಹೊತ್ತಿಗೆ ಎಲ್ಲರೂ ಹೊರಬಂದದ್ದು ನಿಮಗೆ ನೆನಪಿರಬೇಕು. ನೀರು ತೆಗೆಯುವ ಕೆಲಸಕ್ಕೆ ನಮ್ಮ ಕಿರ್ಲೋಸ್ಕರ್ ಕಂಪನಿಯ ತಜ್ಞರೂ ನೆರವಾಗಿದ್ದರು. ಗುಹೆಯ ನೀರು ಹರಿಸಿದ್ದರಿಂದ ರೈತರ ಗದ್ದೆಗಳು ಮುಳುಗಿದವು. ನಾಟಿ ಹೋದರೆ ಹೋಗಲಿ, ಮಕ್ಕಳು ಬರಲಿ ಎಂದವರು ಅವರು. ಹೆಂಗಸರು ಸಾವಿರಾರು ಜನಕ್ಕೆ ಬೇಯಿಸಿ ಹಾಕಿದರು. ಒಬ್ಬಾಕೆ ತನ್ನ ಅಂಗಡಿಯಲ್ಲಿ ರಾತ್ರಿಯೆಲ್ಲ ರಕ್ಷಣಾ ಸಿಬ್ಬಂದಿಯ ಕೆಸರು ಬಟ್ಟೆ ಒಗೆದು ಬೆಳಿಗ್ಗೆ ಕೊಡುತ್ತಿದ್ದರಂತೆ. ಆ ಬೆಟ್ಟದ ಹೆಸರಿನ ಅರ್ಥ ಮಲಗಿದ ಹೆಣ್ಣು. ಗುಹೆಯನ್ನು ಈಗ ಪ್ರವಾಸಿಗಳು ನೋಡಬಹುದು, ಮಳೆಗಾಲ ಬಿಟ್ಟು ಹೋಗಿ.

ಉತ್ತರದ್ದೇ ಇನ್ನೊಂದು, 2014ರ 'ದಿ ಟೀಚರ್ಸ್ ಡೈರಿ'. ನೀರಿನ ಮೇಲೆ ತೇಲುವ ಶಾಲೆ, ಬೆರಳೆಣಿಕೆಯ ಮಕ್ಕಳು. ಹಿಂದಿನ ವರ್ಷ ಇದ್ದ ಮೇಡಂ ಬಿಟ್ಟುಹೋದ ದಿನಚರಿಯನ್ನು ಹೊಸ ಮೇಷ್ಟ್ರು ಓದುತ್ತಾ ಮುಖ ನೋಡದೆಯೇ ಅವಳನ್ನು ಮೆಚ್ಚಿಬಿಡುತ್ತಾರೆ. ಇಡೀ ಮನೆ ಕೂತು ನೋಡಬಹುದು, ಎಲ್ಲೂ ಮುಜುಗರವಿಲ್ಲ.

ಕೊನೆಗೆ ಒಂದೆರಡು ಉಪಯುಕ್ತ ಮಾತು. ಇಂಗ್ಲಿಷ್ ಮಾತು ಜೋಡಿಸಿದ ಪ್ರತಿ ಹಾಕಬೇಡಿ. ಥಾಯ್ ಮಾತನ್ನೇ ಇಟ್ಟು ಕೆಳಗೆ ಬರುವ ಅಕ್ಷರ ಓದಿ. ಎರಡನೇ ಚಿತ್ರಕ್ಕೆ ರೂಢಿಯಾಗುತ್ತದೆ. ಪರಿಚಿತ ಶಬ್ದಗಳೂ ಆಗಾಗ ಕಿವಿಗೆ ಬೀಳುತ್ತವೆ. ಬ್ಯಾಂಕಾಕಿನ ದೊಡ್ಡ ಚಿತ್ರಮಂದಿರಗಳಲ್ಲಿ ಹೊಸ ಥಾಯ್ ಚಿತ್ರಗಳನ್ನು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳೊಡನೆ ತೋರಿಸುತ್ತಾರೆ. ಟಿಕೆಟ್ ಕೊಳ್ಳುವಾಗ ವಿಚಾರಿಸಿ. ಚಿತ್ರ ಶುರುವಾಗುವ ಮೊದಲು ರಾಜಗೀತೆ ಬರುತ್ತದೆ. ಈಚೆಗೆ ಎದ್ದು ನಿಲ್ಲದವರೂ ಇದ್ದಾರೆ, ಪರದೇಶದವರಾದ ನಾವು ಎದ್ದು ನಿಲ್ಲುವುದೇ ಚೆಂದ. ಒಳಗೆ ತಂಪು ಹೆಚ್ಚು, ಶಾಲು ಮರೆಯಬೇಡಿ. ಒಂದು ದಿನ ಉಳಿದರೆ ನಗರದ ಹೊರಗಿನ ಸಾಲಾಯಾದಲ್ಲಿರುವ ಥಾಯ್ ಚಲನಚಿತ್ರ ಭಂಡಾರಕ್ಕೆ ಹೋಗಿ ಬನ್ನಿ, ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ.